ಟ್ಯಾಂಕ್ ಪಕ್ಕ ವೆಲ್ಡಿಂಗ್: ಮೊದಲು ಇಳಿಸಿ, ಆಮೇಲೆ ಕಿಡಿ

ಕಾರಿನ ಹಿಂಭಾಗದ ಅಡಿಯಲ್ಲಿ ತಗಡು ತುಕ್ಕು ಹಿಡಿದು ಉದುರುತ್ತಿದೆ. ಅಂಗೈ ಅಗಲದ ತೂತು. ಹೊಸ ತುಂಡು ಕತ್ತರಿಸಿ ಬೆಸೆಯುವುದು ಅರ್ಧ ಗಂಟೆಯ ಕೆಲಸ. ತೊಂದರೆ ಏನೆಂದರೆ, ಆ ತೂತಿನಿಂದ ಒಂದು ಗೇಣು ದೂರದಲ್ಲೇ ಪೆಟ್ರೋಲ್ ಟ್ಯಾಂಕ್ ಕೂತಿದೆ.

ಇಂಥ ಹೊತ್ತಲ್ಲಿ ಬರುವ ಮೊದಲ ಯೋಚನೆ ಒಂದೇ: ‘ಒದ್ದೆ ಬಟ್ಟೆ ಮುಚ್ಚಿ ಹುಷಾರಾಗಿ ನಾಲ್ಕು ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿಬಿಡೋಣ, ಏನಾಗತ್ತೆ?’ ಬೇಡ. ಟ್ಯಾಂಕ್ ಕೆಳಗಿಳಿಸಿ, ದೂರ ಸಾಗಿಸಿ, ಆಮೇಲೆ ವೆಲ್ಡಿಂಗ್ ಟಾರ್ಚ್ ಕೈಗೆತ್ತಿಕೊಳ್ಳಿ. ಬೆಸೆಯುವುದಕ್ಕೆ ಅರ್ಧ ಗಂಟೆ, ಅದರ ತಯಾರಿಗೆ ಅರ್ಧ ದಿನ. ಲೆಕ್ಕ ತಲೆಕೆಳಗಾಗಿ ಕಾಣಬಹುದು, ಆದರೆ ಈ ಕೆಲಸದ ಲೆಕ್ಕವೇ ಹಾಗೆ. ಇಷ್ಟು ಸಮಯ ಇಲ್ಲ ಅನ್ನುವವರು, ವೆಲ್ಡಿಂಗ್ ಕೈಗೆ ಇನ್ನೂ ಕೂರದವರು ಕಾರನ್ನು ಗ್ಯಾರೇಜಿಗೆ ಕೊಡುವುದೇ ಒಳ್ಳೆಯದು. ಅಲ್ಲೂ ಟ್ಯಾಂಕ್ ಇಳಿಸುತ್ತಾರಾ ಅಂತ ಕೇಳಿಯೇ ಬಿಡಿ.

ಖಾಲಿ ಟ್ಯಾಂಕಿನ ಮೋಸ

‘ಟ್ಯಾಂಕ್ ಖಾಲಿ ಇದೆ, ಭಯ ಇಲ್ಲ’ ಅನ್ನುವ ಮಾತಿನಷ್ಟು ಅಪಾಯದ ಮಾತು ಈ ಕೆಲಸದಲ್ಲಿ ಇನ್ನೊಂದಿಲ್ಲ. ಹೊತ್ತಿಕೊಳ್ಳುವುದು ದ್ರವ ಪೆಟ್ರೋಲ್ ಅಲ್ಲ, ಅದರಿಂದ ಏಳುವ ಆವಿ. ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನ ಚಳಿಯಲ್ಲೂ ಪೆಟ್ರೋಲ್ ಕಿಡಿ ಹಿಡಿಯುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಆ ಆವಿಯ ಪಾಲು ಸುಮಾರು ಶೇ 1.4ರಿಂದ 7.6ರ ಒಳಗಿದ್ದರೆ ಸ್ಫೋಟಕ್ಕೆ ಸರಿಯಾದ ಹದ. ತುಂಬಿದ ಟ್ಯಾಂಕಿನೊಳಗೆ ಗಾಳಿಗೆ ಜಾಗವೇ ಕಡಿಮೆ. ಹಾಗಂತ ಅದರ ಪಕ್ಕ ಬೆಸೆಯಬಹುದು ಅಂತಲ್ಲ, ಸೋರಿ ಬೆಂಕಿ ಹಿಡಿದರೆ ಅಷ್ಟೂ ಲೀಟರ್ ಉರಿಯುತ್ತದೆ. ಖಾಲಿ ಟ್ಯಾಂಕಿನಲ್ಲಿ ಗಾಳಿಯೂ ಇದೆ, ಗೋಡೆಗೆ ಅಂಟಿದ ಪೆಟ್ರೋಲೂ ಇದೆ. 45 ಲೀಟರ್ ಟ್ಯಾಂಕಿಗೆ ಒಂದು ಟೀ ಚಮಚದಷ್ಟು ಪೆಟ್ರೋಲ್ ಆವಿಯಾದರೂ ಆ ಹದ ಬಂದುಬಿಡುತ್ತದೆ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಟ್ಯಾಂಕ್ ಕೂಡ ಹೀಗೆ ಸಿಡಿಯಬಲ್ಲದು. ಜೋಡಣೆಯ ಸಂದುಗಳಲ್ಲಿ, ತುಕ್ಕಿನ ಪದರದೊಳಗೆ ಅಡಗಿದ್ದ ಪೆಟ್ರೋಲ್ ಬಿಸಿ ತಾಗಿದಾಗ ಹೊರಗೆ ಬರುತ್ತದೆ.

ಇನ್ನೊಂದು ಸಂಗತಿ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೇರಿ ಚದುರಿಹೋಗುವುದಿಲ್ಲ. ನೀರಿನ ಹಾಗೆ ನೆಲದ ಮೇಲೆ ಹರಿದು ತಗ್ಗು ಹುಡುಕುತ್ತದೆ. ಆದ್ದರಿಂದ ಕಾರಿನ ಅಡಿ ನಿಂತು ಕೆಲಸ ಮಾಡುವ ಗುಂಡಿ, ಚರಂಡಿ, ನೆಲಮಾಳಿಗೆ ಯಾವುದೂ ಈ ಕೆಲಸಕ್ಕೆ ಆಗಿಬರುವುದಿಲ್ಲ.

ಡೀಸೆಲ್ ಸ್ವಲ್ಪ ಸಾಧು. ಅದು ಹೊತ್ತಿಕೊಳ್ಳುವಷ್ಟು ಆವಿ ಬಿಡಲು ಪೆಟ್ರೋಲಿಗಿಂತ ಬಹಳ ಜಾಸ್ತಿ ಬಿಸಿಯಾಗಬೇಕು. ಆದರೆ ಪಕ್ಕದಲ್ಲಿ ಕಬ್ಬಿಣ ಕರಗಿಸುತ್ತಿರುವಾಗ ಅಷ್ಟು ಬಿಸಿ ಯಾವ ಲೆಕ್ಕ? ಡೀಸೆಲ್ ಕಾರಿಗೂ ಇದೇ ಕ್ರಮ. ಸಿಎನ್‌ಜಿ, ಎಲ್‌ಪಿಜಿ ಸಿಲಿಂಡರ್ ಇರುವ ಕಾರು, ಹೈಬ್ರಿಡ್, ಎಲೆಕ್ಟ್ರಿಕ್ ಕಾರು ಇದ್ದರೆ ಮನೆಯಲ್ಲಿ ಕೈ ಹಾಕಬೇಡಿ. ಅವುಗಳ ದಾರಿಯೇ ಬೇರೆ.

ಹಂತ 1: ವೆಲ್ಡಿಂಗ್ ಬೇಕೇ ಬೇಕಾ?

ಬರೀ ಮಣ್ಣು ತಡೆಯುವ ತಗಡೋ ಸಣ್ಣ ಬ್ರಾಕೆಟ್ಟೋ ಆಗಿದ್ದರೆ ಬೋಲ್ಟ್ ಇಲ್ಲವೇ ರಿವೆಟ್‌ನಲ್ಲಿ ಮುಗಿಯಬಹುದು. ಚಾಸಿ, ಸೀಟ್‌ ಬೆಲ್ಟ್ ಕಟ್ಟುವ ಜಾಗ, ಸಸ್ಪೆನ್ಷನ್ ಕೂರುವ ಜಾಗ ಇವುಗಳಿಗೆ ಮಾತ್ರ ಕಾರು ತಯಾರಿಸಿದವರು ಹೇಳಿದ ವಿಧಾನವೇ ಆಗಬೇಕು.

ಹಂತ 2: ಜಾಗ

ಬಯಲು, ಸಮತಟ್ಟು ನೆಲ, ಗಾಳಿ ಆಡುವ ಕಡೆ. ಕಾರನ್ನು ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ. ಕಿಡಿಗಳು 11 ಮೀಟರ್ ದೂರದವರೆಗೂ ಹಾರಬಹುದು ಎಂದು ಲೆಕ್ಕ ಹಾಕುವುದು ರೂಢಿ. ಅಷ್ಟರೊಳಗೆ ಥಿನ್ನರ್, ಕಾಗದ, ಒಣ ಎಲೆ, ಎಣ್ಣೆ ಬಟ್ಟೆ ಏನೂ ಇರಬಾರದು. ಬೆಳಕಿಗೆ ಎಲ್‌ಇಡಿ ಟಾರ್ಚ್ ಇರಲಿ. ವೈರಿಗೆ ನೇತಾಡುವ ಹಳೆಯ ಬಲ್ಬ್ ಬೇಡ. ಅದರ ಮೇಲೆ ಒಂದು ಹನಿ ಪೆಟ್ರೋಲ್ ಬಿದ್ದು ಗಾಜು ಒಡೆದರೆ ಒಳಗಿನ ಬಿಸಿ ತಂತಿಯೇ ಬೆಂಕಿಕಡ್ಡಿ.

ಹಂತ 3: ಒತ್ತಡ ಇಳಿಸಿ, ಬ್ಯಾಟರಿ ಬಿಚ್ಚಿ

ಇಂಜೆಕ್ಷನ್ (ಎಂಜಿನ್‌ಗೆ ಪೆಟ್ರೋಲನ್ನು ಒತ್ತಡದಲ್ಲಿ ಚಿಮುಕಿಸುವ ವ್ಯವಸ್ಥೆ) ಇರುವ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಪೈಪಿನೊಳಗೆ ಒತ್ತಡ ಉಳಿದಿರುತ್ತದೆ. ಹಾಗೇ ಪೈಪ್ ಬಿಚ್ಚಿದರೆ ಮುಖಕ್ಕೆ ಪಿಚಕಾರಿ. ಸಾಮಾನ್ಯವಾಗಿ ಮಾಡುವುದು ಹೀಗೆ: ಫ್ಯೂಯಲ್ ಪಂಪಿನ ಫ್ಯೂಸ್ ಅಥವಾ ರಿಲೇ ಕಿತ್ತು, ಎಂಜಿನ್ ಚಾಲೂ ಮಾಡಿ, ತಾನಾಗಿ ಆಫ್ ಆಗುವವರೆಗೆ ಬಿಡುವುದು. ನಿಮ್ಮ ಕಾರಿನ ರಿಪೇರಿ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ. ಆಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ ಬದಿಗೆ ಕಟ್ಟಿ. ಏರ್‌ಬ್ಯಾಗ್, ಕಂಪ್ಯೂಟರ್ ಎರಡಕ್ಕೂ ಇದು ರಕ್ಷಣೆ. ಸೈಲೆನ್ಸರ್ ಪೈಪ್ ಪೂರ್ತಿ ತಣ್ಣಗಾಗುವ ತನಕ ಪೆಟ್ರೋಲ್ ಮುಟ್ಟಬೇಡಿ.

ಹಂತ 4: ಪೆಟ್ರೋಲ್ ತೆಗೆಯುವುದು

ಬಾಯಲ್ಲಿ ಎಳೆದು ಪೈಪ್ ಹಾಕುವ ಹಳೇ ಚಾಳಿ ಬಿಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಸೀದಾ ಆಸ್ಪತ್ರೆ. ಕೈಯಲ್ಲಿ ಒತ್ತುವ, ಪೆಟ್ರೋಲಿಗೆಂದೇ ಮಾಡಿದ ಪಂಪ್ ಬಳಸಿ. ನೀರಿನ ಮೋಟಾರು, ಡ್ರಿಲ್ಲಿಗೆ ಸಿಕ್ಕಿಸುವ ಪಂಪು ಬೇಡ, ಅವುಗಳ ಒಳಗೇ ಕಿಡಿ ಏಳುತ್ತದೆ. ಈಗಿನ ಎಷ್ಟೋ ಕಾರುಗಳಲ್ಲಿ ತುಂಬಿಸುವ ಬಾಯಿಂದ ಪೈಪ್ ಒಳಗೆ ಇಳಿಯುವುದೇ ಇಲ್ಲ. ಆಗ ಹಿಂದಿನ ಸೀಟಿನಡಿ ಮುಚ್ಚಳ ಇದೆಯಾ ನೋಡಿ, ಪಂಪ್ ಕೂರಿಸಿದ ಜಾಗ ಅಲ್ಲೇ ಸಿಗಬಹುದು.

ಪೆಟ್ರೋಲ್ ಹಿಡಿಯಲು ಮುಚ್ಚಳ ಬಿಗಿಯಾಗುವ, ಇಂಧನಕ್ಕೆಂದೇ ಇರುವ ಕ್ಯಾನ್ ಬೇಕು. ಅದು ನೆಲದ ಮೇಲೇ ಇರಲಿ. ಪ್ಲಾಸ್ಟಿಕ್ ಹಾಸಿನ ಮೇಲೋ ಡಿಕ್ಕಿಯೊಳಗೋ ಇಟ್ಟು ತುಂಬಿಸಿದರೆ ಸ್ಥಾಯಿ ವಿದ್ಯುತ್ ಕೂಡಿಕೊಂಡು ಕಿಡಿ ಹಾರುವುದುಂಟು. ಚೆಲ್ಲಿದ್ದನ್ನು ಒರೆಸಿದ ಬಟ್ಟೆಯನ್ನೂ ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ದೂರದಲ್ಲಿ, ಹೊರಗೆ ಹರಡಿ ಒಣಗಿಸಿ.

ಹಂತ 5: ಟ್ಯಾಂಕ್ ಇಳಿಸಿ

ಬಿಚ್ಚುವ ಮೊದಲು ಮೊಬೈಲಿನಲ್ಲಿ ಎಲ್ಲ ಕೋನದಿಂದ ಫೋಟೊ ತೆಗೆಯಿರಿ. ಯಾವ ಪೈಪ್ ಎಲ್ಲಿಗೆ ಹೋಗುತ್ತಿತ್ತು ಅನ್ನುವುದು ಸಂಜೆ ಹೊತ್ತಿಗೆ ಖಂಡಿತ ಮರೆತಿರುತ್ತದೆ.

ಟ್ಯಾಂಕನ್ನು ಹಿಡಿದಿಟ್ಟ ಪಟ್ಟಿಗಳ ಬೋಲ್ಟ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಗ್ಯಾಸ್ ಹಚ್ಚಿ ಕಾಯಿಸೋಣ, ಗ್ರೈಂಡರ್‌ನಲ್ಲಿ ಕತ್ತರಿಸೋಣ ಅಂತ ಕೈ ತುರಿಸುವುದು ಇಲ್ಲೇ. ಟ್ಯಾಂಕ್ ಇನ್ನೂ ಕಾರಲ್ಲೇ ಇದೆ, ನೆನಪಿರಲಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಉದ್ದ ಹಿಡಿಕೆಯ ಸ್ಪ್ಯಾನರ್‌ನಲ್ಲಿ ನಿಧಾನಕ್ಕೆ ತಿರುಗಿಸಿ. ಬರಲೇ ಇಲ್ಲವಾ, ಕೈ ಗರಗಸ ಇದೆ. ಅದರ ಅಲಗಿಗೂ ಆಗಾಗ ಎಣ್ಣೆ ಬಿಡುತ್ತಾ ಕೊಯ್ಯಿರಿ.

ಟ್ಯಾಂಕಿನಡಿ ಹಲಗೆ ಕೊಟ್ಟು ಜಾಕ್ ನಿಲ್ಲಿಸಿ. ಎಷ್ಟೇ ಖಾಲಿ ಮಾಡಿದರೂ ತಳದಲ್ಲಿ ಒಂದೆರಡು ಲೀಟರ್ ಉಳಿದಿರಬಹುದು. ಒಂದು ಬದಿ ಮೊದಲು ಇಳಿದರೆ ಅದು ಆ ಕಡೆಗೆ ನುಗ್ಗಿ ಟ್ಯಾಂಕ್ ವಾಲುತ್ತದೆ. ಸ್ವಲ್ಪ ಇಳಿಸಿ, ವೈರು ಪೈಪುಗಳನ್ನು ಬಿಚ್ಚಿ, ಮತ್ತೆ ಸ್ವಲ್ಪ ಇಳಿಸಿ. ಹೊರಗೆ ಬಂದ ಕೂಡಲೇ ಎಲ್ಲ ಬಾಯಿಗಳಿಗೂ ಬಿಗಿಯಾದ ಬಿರಡೆ ಹಾಕಿ. ಆ 11 ಮೀಟರ್ ಆಚೆಗೆ, ಕಾರು ನಿಂತ ಆವರಣದ ಹೊರಗೇ, ನೆರಳಲ್ಲಿ ಇಡಿ. ಪೆಟ್ರೋಲ್ ಕ್ಯಾನೂ ಅಲ್ಲಿಗೇ ಹೋಗಲಿ. ಟ್ಯಾಂಕಿನ ಆವಿ ಹೀರುವ ಇದ್ದಿಲ ಡಬ್ಬಿಯನ್ನು ಎಷ್ಟೋ ಜನ ಮರೆಯುತ್ತಾರೆ. ಅದರ ತುಂಬ ಪೆಟ್ರೋಲ್ ಆವಿಯೇ ಇರುತ್ತದೆ. ಕೆಲಸದ ಹತ್ತಿರ ಇದ್ದರೆ ಅದನ್ನೂ ಬಿಚ್ಚಿ. ಕಾರಿನಲ್ಲೇ ಉಳಿದ ಪೈಪುಗಳ ತುದಿ ಮುಚ್ಚಿ, ವೆಲ್ಡಿಂಗ್ ಜಾಗದಿಂದ ಪಕ್ಕಕ್ಕೆ ಸರಿಸಿ. ಸರಿಸಲು ಬರದಿದ್ದರೆ ಬಿಚ್ಚಿಯೇ ತೆಗೆಯಿರಿ. ಹೊಸ ಕಾರುಗಳಲ್ಲಿ ಇವು ನೈಲಾನ್ ಪೈಪುಗಳು. ಅಕ್ಕಿಕಾಳಿಗಿಂತ ಚಿಕ್ಕ ಕರಗಿದ ಕಬ್ಬಿಣದ ಹನಿ ಬಿದ್ದರೂ ತೂತಾಗುತ್ತದೆ. ಹೊರಗಿಂದ ನೋಡಿದರೆ ಬರೀ ಕಪ್ಪು ಚುಕ್ಕೆ.

‘ಸೋರುತ್ತಿರುವುದು ಟ್ಯಾಂಕೇ, ಅದನ್ನೇ ಬೆಸೆದರೆ?’ ಅಂತ ಕೇಳುವವರಿದ್ದಾರೆ. ಉತ್ತರ ಚಿಕ್ಕದು: ಬೆಸೆಯಬೇಡಿ, ಬದಲಾಯಿಸಿ. ನೀರು ತುಂಬಿಸಿ ಬೆಸೆಯುವುದು, ಸೈಲೆನ್ಸರ್ ಹೊಗೆ ಒಳಗೆ ಬಿಟ್ಟು ಬೆಸೆಯುವುದು, ಇಂಥ ಉಪಾಯಗಳು ಬಾಯಿಂದ ಬಾಯಿಗೆ ಓಡಾಡುತ್ತವೆ. ನೀರಿನ ಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಆವಿ ಸಿಕ್ಕಿಕೊಂಡಿರುತ್ತದೆ. ಹೊಗೆ ಎಷ್ಟು ಗಾಳಿ ಹೊರದೂಡಿತು ಅಂತ ಅಳೆಯುವವರು ಯಾರು? ಟ್ಯಾಂಕನ್ನು ತೊಳೆದು, ಉರಿಯದ ಅನಿಲ ತುಂಬಿಸಿ, ಮೀಟರ್ ಇಟ್ಟು ಬೆಸೆಯುವ ಪರಿಣತರಿದ್ದಾರೆ, ನಿಜ. ಅದು ನನ್ನ ನಿಮ್ಮ ಕೆಲಸ ಅಲ್ಲ.

ಹಂತ 6: ತಗಡಿನ ಆಚೆ ಬದಿ

ಇಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಡಿಕ್ಕಿಯ ಮೂಲೆ ಬೆಸೆಯುವುದಿತ್ತು. ಟ್ಯಾಂಕ್ ಇಳಿಸಿದ್ದೆ, ಅಡಿಯೆಲ್ಲ ಕೆರೆದು ಬೆಳ್ಳಗೆ ಮಾಡಿದ್ದೆ. ಒಳಗಿನ ಮ್ಯಾಟ್ ಮಾತ್ರ ಮಡಚಿ ಪಕ್ಕಕ್ಕೆ ತಳ್ಳಿದ್ದೆ, ಹೊರಗೆ ತೆಗೆದಿರಲಿಲ್ಲ. ಬೆಸುಗೆ ಚೆನ್ನಾಗೇ ಬಂತು. ಖುಷಿಯಲ್ಲಿ ಕೈ ತೊಳೆಯಲು ಹೋದೆ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಬಂದರೆ ಡಿಕ್ಕಿಯಿಂದ ತೆಳುವಾದ ಹೊಗೆ. ಮ್ಯಾಟಿನ ಕೆಳಗೆ ಶಬ್ದ ತಡೆಯಲು ಅಂಟಿಸಿದ್ದ ಟಾರಿನ ಹಾಳೆ ಮೆಲ್ಲಗೆ ಹೊಗೆಯಾಡುತ್ತಾ ಕೆಂಪಗೆ ಹೊಳೆಯುತ್ತಿತ್ತು. ಜ್ವಾಲೆ ಇಲ್ಲ, ಸದ್ದಿಲ್ಲ. ಒಂದು ಚೊಂಬು ನೀರಿಗೆ ಆರಿತು. ಅರ್ಧ ಗಂಟೆ ತಡವಾಗಿದ್ದರೆ ಸೀಟಿಗೂ ಹಬ್ಬುತ್ತಿತ್ತು.

ಆದ್ದರಿಂದ ತಗಡಿನ ಎರಡೂ ಬದಿ ನೋಡಿ. ಕಾರ್ಪೆಟ್, ಫೋಮ್, ಸೀಟು ಪೂರ್ತಿ ಹೊರಗೆ. ಅಡಿಯ ಕಪ್ಪು ಲೇಪ, ಸಂದು ತುಂಬಿದ ಅಂಟು, ಬಣ್ಣ ಇವನ್ನು ಬೆಸೆಯುವ ಗೆರೆಯಿಂದ ಒಂದು ಗೇಣಿನವರೆಗೆ ಕೆರೆದು ತೆಗೆಯಿರಿ. ಬ್ರೇಕ್ ಪೈಪ್, ರಬ್ಬರ್ ಹೋಸ್, ವೈರಿನ ಕಟ್ಟು ದಾರಿಯಲ್ಲಿವೆಯಾ? ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್, ಡಿಕ್ಕಿ ಬಾಗಿಲು ಎತ್ತಿ ಹಿಡಿಯುವ ಕಡ್ಡಿ ಹತ್ತಿರದಲ್ಲಿವೆಯಾ? ಕಾದರೆ ಅವೂ ಸಿಡಿಯುತ್ತವೆ.

ಜಿಡ್ಡು ತೆಗೆಯಲು ಬ್ರೇಕ್ ಕ್ಲೀನರ್ ಹೊಡೆಯುವವರು ಡಬ್ಬಿಯ ಹಿಂದೆ ಓದಿ. ಕ್ಲೋರಿನ್ ಇರುವ ಜಾತಿಯದ್ದಾದರೆ, ವೆಲ್ಡಿಂಗ್ ಬೆಳಕು ಮತ್ತು ಬಿಸಿಗೆ ಅದರಿಂದ ಫಾಸ್ಜೀನ್ ಅನ್ನುವ ವಿಷಾನಿಲ ಹುಟ್ಟುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅದೇ ಅನಿಲ. ಸತು ಲೇಪಿಸಿದ ತಗಡಿನ ಬಿಳಿ ಹೊಗೆಯೂ ಜ್ವರ ತರಿಸುತ್ತದೆ. ಲೇಪ ಉಜ್ಜಿ ತೆಗೆದು, ಮುಖಕ್ಕೆ ಹೊಗೆ ತಡೆಯುವ ಮಾಸ್ಕ್ ಹಾಕಿಕೊಳ್ಳಿ.

ಗ್ರೈಂಡರ್ ಹಚ್ಚುವ ಮೊದಲು ಇನ್ನೊಂದು ಪರೀಕ್ಷೆ ಇದೆ. ಮೂಗನ್ನು ನಂಬಬೇಡಿ. ಪೆಟ್ರೋಲ್ ನಡುವೆ ಅರ್ಧ ದಿನ ಕಳೆದ ಮೂಗಿಗೆ ವಾಸನೆಯೇ ಹತ್ತುವುದಿಲ್ಲ. ಉರಿಯುವ ಅನಿಲ ಗುರುತಿಸುವ ಮೀಟರನ್ನು ಬಾಡಿಗೆಗೋ ಎರವಲಿಗೋ ತಂದು ತಗ್ಗು ಜಾಗಗಳಲ್ಲಿ, ಚಾಸಿಯ ಟೊಳ್ಳುಗಳ ಬಾಯಲ್ಲಿ ಹಿಡಿಯಿರಿ. ಸೊನ್ನೆ ಬರಬೇಕು. ಬರದಿದ್ದರೆ ಗಾಳಿ ಊದಿ, ಕಾದು, ಮತ್ತೆ ನೋಡಿ.

ಹಂತ 7: ಬೆಸುಗೆ

ಒಬ್ಬರೇ ಮಾಡಬೇಡಿ. ಮುಖವಾಡ ಇಳಿಸಿದ ಮೇಲೆ ನಿಮಗೆ ಕಾಣುವುದು ಕಾಸಿನಗಲ ಜಾಗ ಮಾತ್ರ. ಬೆನ್ನ ಹಿಂದೆ ಬೆಂಕಿ ಬಿದ್ದರೂ ಗೊತ್ತಾಗುವುದಿಲ್ಲ. ತಗಡಿನ ಆಚೆ ಬದಿ ನೋಡಲು ಇನ್ನೊಬ್ಬರು ಬೇಕು. ಅವರ ಕೈಯಲ್ಲಿ ಒಣಪುಡಿಯ ಅಗ್ನಿಶಾಮಕ, ಪಕ್ಕದಲ್ಲಿ ಒಂದು ಬಕೆಟ್ ನೀರು. ನೀರು ಬಟ್ಟೆ, ಫೋಮಿಗೆ ಮಾತ್ರ. ಉರಿಯುವ ಪೆಟ್ರೋಲ್ ಮೇಲೆ ಸುರಿದರೆ ಅದು ತೇಲಿಕೊಂಡು ಹರಡುತ್ತದೆ. ‘ನಿಲ್ಸು’ ಅಂತ ಅವರು ಬೆನ್ನು ತಟ್ಟಿದರೆ ಪ್ರಶ್ನೆ ಕೇಳದೆ ನಿಲ್ಲಿಸುವುದು ಅಂತ ಮೊದಲೇ ಮಾತಾಡಿಕೊಳ್ಳಿ.

ವೆಲ್ಡಿಂಗ್ ಯಂತ್ರದ ಅರ್ತ್ ಕ್ಲಾಂಪನ್ನು (ಕರೆಂಟು ಮರಳುವ ವೈರಿನ ಇಕ್ಕಳ) ಬೆಸೆಯುವ ತಗಡಿಗೇ, ಹತ್ತಿರದಲ್ಲೇ, ಬಣ್ಣ ಉಜ್ಜಿದ ಜಾಗಕ್ಕೆ ಕಚ್ಚಿಸಿ. ದೂರ ಎಲ್ಲೋ ಕಚ್ಚಿಸಿದರೆ ಕರೆಂಟು ಬೇರಿಂಗ್, ಪೈಪುಗಳ ಮೂಲಕ ದಾರಿ ಹುಡುಕುತ್ತದೆ, ನಡುವೆ ಎಲ್ಲಾದರೂ ಕಿಡಿ ಹಾರುತ್ತದೆ. ಪೆಟ್ರೋಲ್ ತಾಗಿದ ಬಟ್ಟೆ ಬದಲಾಯಿಸಿ, ದಪ್ಪ ಹತ್ತಿಯದ್ದು ಹಾಕಿ. ಉದ್ದಕ್ಕೆ ಒಂದೇ ಸಲ ಎಳೆಯಬೇಡಿ. ಟ್ಯಾಕ್ ಹಾಕಿ, ಬಿಡಿ, ಬೇರೆ ತುದಿಗೆ ಹೋಗಿ. ತಗಡೂ ಸೊಟ್ಟಗಾಗುವುದಿಲ್ಲ, ಬಿಸಿಯೂ ಆಚೆ ಹಬ್ಬುವುದಿಲ್ಲ.

ಹಂತ 8: ಸುಮ್ನೆ ಕಾಯುವುದು

ಕೊನೆಯ ಕಿಡಿ ಆರಿದ ಮೇಲೆ ಒಂದು ಗಂಟೆ ಅಲ್ಲೇ ಇರಿ. ಬೆಂಕಿ ಸುರಕ್ಷತೆಗೆ ಮಾನದಂಡ ರೂಪಿಸುವ ಅಮೆರಿಕದ ಎನ್‌ಎಫ್‌ಪಿಎ ಮೊದಲು ಇದಕ್ಕೆ ಅರ್ಧ ಗಂಟೆ ಅನ್ನುತ್ತಿತ್ತು, 2019ರ ಆವೃತ್ತಿಯಲ್ಲಿ ಒಂದು ಗಂಟೆಗೆ ಏರಿಸಿತು. ನನ್ನ ಡಿಕ್ಕಿಯ ಕಥೆ ಕೇಳಿದ ಮೇಲೆ ಯಾಕೆ ಅಂತ ಹೇಳಬೇಕಿಲ್ಲ ಅಲ್ವಾ?

ಹಂತ 9: ಮರಳಿ ಜೋಡಣೆ

ತಗಡು ಕೈಗೆ ತಣ್ಣಗೆ ತಾಗಿದ ಮೇಲೆ ಪ್ರೈಮರ್, ಬಣ್ಣ, ಅಡಿಯ ಲೇಪ. ಅವು ಒಣಗಲಿ. ಗ್ರೈಂಡರ್ ಕೆಲಸ ಒಂದಿಷ್ಟೂ ಬಾಕಿ ಇಲ್ಲ ಅಂತ ಖಚಿತವಾದ ಮೇಲೆ ಟ್ಯಾಂಕ್ ವಾಪಸ್ ತನ್ನಿ. ಪಂಪಿನ ಸೀಲ್, ಬಿರುಕು ಬಿಟ್ಟ ಹೋಸ್, ಕ್ಲಿಪ್ ಹೊಸದೇ ಹಾಕಿ. ನಾಲ್ಕೈದು ಲೀಟರ್ ಮಾತ್ರ ತುಂಬಿಸಿ, ಫ್ಯೂಸ್ ಕೂರಿಸಿ, ಕೊನೆಗೆ ಬ್ಯಾಟರಿ ಜೋಡಿಸಿ. ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಮಾಡಿ. ಪಂಪ್ ಒಂದೆರಡು ಕ್ಷಣ ಗುಂಯ್ ಅಂದು ಪೈಪಿಗೆ ಒತ್ತಡ ಕೊಡುತ್ತದೆ. ಎರಡು ಮೂರು ಸಲ ಹೀಗೆ ಮಾಡಿ, ಟಾರ್ಚ್ ಹಿಡಿದು ಪ್ರತಿ ಜೋಡಣೆಯ ಕೆಳಗೂ ಒಣ ಕಾಗದ ಒತ್ತಿ ನೋಡಿ. ಎಲ್ಲೂ ಕಾಗದ ಒದ್ದೆಯಾಗದಿದ್ದರೆ ಎಂಜಿನ್ ಚಾಲೂ ಮಾಡಬಹುದು.