ಎಂಮ್ಯಾಪ್ ಕೈಕೊಟ್ಟಾಗ: ಲಿನಕ್ಸ್ ಡ್ರೈವರ್‌ನಲ್ಲಿ ತಪ್ಪು ಹುಡುಕುವ ಬಗೆ

ದಾವಣಗೆರೆ, ದುರ್ಗದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೇ ವರ್ಷದ ಪ್ರಾಜೆಕ್ಟಿಗೆ ಪಿಸಿಐಇ ಎಫ್‌ಪಿಜಿಎ ಕಾರ್ಡ್ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಚಿಪ್ಪಿನ, ಕಂಪ್ಯೂಟರಿನ ಸ್ಲಾಟಿಗೆ ಹಾಕುವ ಕಾರ್ಡ್) ಕೂರಿಸಿ ಡ್ರೈವರ್ ಬರೆಯುವವರಿಗೆ ಇದು. ಕಾರ್ಡನ್ನು ನಿಯಂತ್ರಿಸುವ ರಿಜಿಸ್ಟರ್‌ಗಳನ್ನು ಎಂಮ್ಯಾಪ್ ಮಾಡಿ, ಅಂದರೆ ಪ್ರೋಗ್ರಾಮಿನ ಮೆಮೊರಿ ಅಡ್ರೆಸ್ಸುಗಳಿಗೆ ಜೋಡಿಸಿ, ಯೂಸರ್ ಪ್ರೋಗ್ರಾಮಿಗೆ ಕೊಟ್ಟಿರುತ್ತೀರಿ. ಓದಿದರೆ ಕಸ ಬರುತ್ತದೆ, ಬರೆದದ್ದು ಕಾರ್ಡಿಗೆ ತಲುಪುವುದಿಲ್ಲ. ಕೋಡಿಗೆ ಕೈ ಹಾಕುವ ಮುಂಚೆ ಕೈಯಲ್ಲಿರುವ ಅಡ್ರೆಸ್ ಯಾವ ಬಗೆಯದು ಎಂದು ಗೊತ್ತು ಮಾಡಿಕೊಳ್ಳಿ: ಫಿಸಿಕಲ್ಲೋ (ಯಂತ್ರದ ನಿಜವಾದ ಅಡ್ರೆಸ್), ಕರ್ನಲ್ ವರ್ಚುವಲ್ಲೋ (ಲಿನಕ್ಸ್‌ನ ತಿರುಳಾದ ಕರ್ನಲ್ ತನ್ನ ಕೋಡಿನಲ್ಲಿ ಬಳಸುವುದು), ಡಿಎಂಎ ಅಡ್ರೆಸ್ಸೋ (ಕಾರ್ಡ್ ತಾನೇ ಮೆಮೊರಿ ಮುಟ್ಟಲು ಬಳಸುವುದು)? ಮೂರೂ ನೋಡಲು ಬರೀ ಅಂಕಿಗಳೇ. ಅದಲುಬದಲಾಗುವುದು ಇಲ್ಲಿಯೇ.

ಮೊದಲು ಕಾರ್ಡ್ ನೋಡಿ. ರೂಟ್ ಆಗಿ ಎಲ್‌ಎಸ್‌ಪಿಸಿಐ -ವಿವಿ (ಪಿಸಿಐ ಕಾರ್ಡುಗಳನ್ನು ಪಟ್ಟಿ ಮಾಡುವ ಕಮಾಂಡ್) ಓಡಿಸಿದರೆ ರೀಜನ್ 0ರ, ಅಂದರೆ ಕಾರ್ಡಿನ ಮೊದಲ ಅಡ್ರೆಸ್ ಜಾಗದ, ಅಡ್ರೆಸ್, ಸೈಜ್ ಸಿಗುತ್ತವೆ. ಆ ಸಾಲಿನಲ್ಲಿ 'ಡಿಸೇಬಲ್ಡ್' ಎಂದಿದ್ದರೆ ಡ್ರೈವರ್ ಇನ್ನೂ ಕಾರ್ಡನ್ನು ಎನೇಬಲ್ ಮಾಡಿಲ್ಲ. ರಿಜಿಸ್ಟರ್ ಓದಿದಾಗಲೆಲ್ಲ ಹೆಕ್ಸ್‌ನಲ್ಲಿ ಬರೀ ಎಫ್ ಬರುವುದಕ್ಕೂ ಬಹಳ ಸಲ ಇದೇ ಕಾರಣ. ಅದೇ ಅಡ್ರೆಸ್ಸನ್ನು ಫಿಸಿಕಲ್ ಅಡ್ರೆಸ್ಸುಗಳ ಪಟ್ಟಿಯಾದ /ಪ್ರಾಕ್/ಐಒಮೆಮ್‌ನಲ್ಲಿ ತಾಳೆ ನೋಡಿ. ರೂಟ್ ಅಲ್ಲದಿದ್ದರೆ ಅಲ್ಲಿ ಎಲ್ಲ ಸೊನ್ನೆಯೇ ಕಾಣುತ್ತದೆ, ಗಾಬರಿ ಬೇಡ.

ಆಮೇಲೆ ಡ್ರೈವರ್‌ನ ಎಂಮ್ಯಾಪ್ ಫಂಕ್ಷನ್ನಿನಲ್ಲಿ ವಿಎಂ_ಸ್ಟಾರ್ಟ್, ವಿಎಂ_ಎಂಡ್ (ಮ್ಯಾಪ್ ಆಗುವ ಜಾಗದ ಶುರು, ಕೊನೆ), ವಿಎಂ_ಪಿಜಿಆಫ್ (ಪ್ರೋಗ್ರಾಂ ಕೇಳಿದ ಆಫ್‌ಸೆಟ್) ಮತ್ತು ಕೊಡುತ್ತಿರುವ ಪಿಎಫ್‌ಎನ್ (ಫಿಸಿಕಲ್ ಪೇಜಿನ ನಂಬರ್) ನಾಲ್ಕನ್ನೂ ಹೆಕ್ಸ್‌ನಲ್ಲಿ ಪ್ರಿಂಟ್ ಮಾಡಿ. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕ್ ಎಂದರೆ ಬಡಾವಣೆ ಗೊತ್ತಾಗುತ್ತದೆ, ಮನೆ ಗೊತ್ತಾಗುವುದಿಲ್ಲ; ಪಿಎಫ್‌ಎನ್ ಕೂಡ ಹಾಗೇ, ಸಾಮಾನ್ಯವಾಗಿ 4096 ಬೈಟಿನ ಇಡೀ ಪೇಜಿನ ನಂಬರ್. ರೀಜನ್ ಅಡ್ರೆಸ್ ಹೆಕ್ಸ್ 90000000 ಆದರೆ, ಪೇಜುಗಳನ್ನು ಪ್ರೋಗ್ರಾಮಿಗೆ ಜೋಡಿಸುವ ರೀಮ್ಯಾಪ್_ಪಿಎಫ್‌ಎನ್_ರೇಂಜ್‌ಗೆ ಕೊಡಬೇಕಾದ್ದು 90000, ಅಂದರೆ 12 ಬಿಟ್ ಬಲಕ್ಕೆ ಸರಿಸಿದ್ದು. ಸರಿಸದೆ ಕೊಟ್ಟರೆ ಕಾರ್ಡಿಗೆ ಸಂಬಂಧವೇ ಇಲ್ಲದ ಜಾಗ ಕೇಳಿದಂತೆ. ವಿಎಂ_ಪಿಜಿಆಫ್ ಕೂಡ ಪೇಜ್ ಲೆಕ್ಕದ್ದೇ, ಬೈಟ್ ಅಲ್ಲ.

ಕಾರ್ಡಿನ ಜಾಗವನ್ನು ಕರ್ನಲ್‌ಗೆ ತೆರೆದುಕೊಡುವ ಐಒರೀಮ್ಯಾಪ್ ಕೊಟ್ಟ ಪಾಯಿಂಟರ್‌ಗೆ, ವರ್ಚುವಲ್ ಅಡ್ರೆಸ್ಸನ್ನು ಫಿಸಿಕಲ್‌ಗೆ ಬದಲಿಸುವ ವರ್ಟ್_ಟು_ಫಿಸ್ ಹಾಕಬೇಡಿ, ಉತ್ತರ ತಪ್ಪು. ವಿಮ್ಯಾಲಕ್ (ಕರ್ನಲ್ ದೊಡ್ಡ ಬಫರ್ ಪಡೆಯುವ ಒಂದು ಬಗೆ) ಮೆಮೊರಿಗೂ ಅದು ಸಲ್ಲದು, ಅದರ ಪೇಜುಗಳು ಫಿಸಿಕಲ್ ಆಗಿ ಚದುರಿರುತ್ತವೆ: ವಿಮ್ಯಾಲಕ್_ಯೂಸರ್‌ನಿಂದ ಪಡೆದು ರೀಮ್ಯಾಪ್_ವಿಮ್ಯಾಲಕ್_ರೇಂಜ್ ಬಳಸಿ. ಡಿಎಂಎ ಬಫರ್ ಆದರೆ ಡಿಎಂಎ_ಎಂಮ್ಯಾಪ್_ಕೊಹೆರೆಂಟ್. ಐಒಎಂಎಂಯು (ಕಾರ್ಡ್ ಬಳಸುವ ಅಡ್ರೆಸ್ಸುಗಳನ್ನು ಫಿಸಿಕಲ್‌ಗೆ ಬದಲಿಸುವ ಹಾರ್ಡ್‌ವೇರ್) ಇರುವ ಯಂತ್ರದಲ್ಲಿ ಡಿಎಂಎ ಅಡ್ರೆಸ್ಸೇ ಬೇರೆ, ಫಿಸಿಕಲ್ಲೇ ಬೇರೆ.

ಎಲ್ಲಕ್ಕಿಂತ ಹೆಚ್ಚು ದಿನ ತಿನ್ನುವ ತಪ್ಪು ಸದ್ದೇ ಮಾಡುವುದಿಲ್ಲ. ಎಲ್‌ಇಡಿ ರಿಜಿಸ್ಟರಿಗೆ 1 ಬರೆಯುತ್ತೀರಿ, ತಿರುಗಿ ಓದಿದರೆ 1 ಬರುತ್ತದೆ, ಎಲ್‌ಇಡಿ ಮಾತ್ರ ಹತ್ತುವುದಿಲ್ಲ. /ಪ್ರಾಕ್‌ನಲ್ಲಿ ಆ ಪ್ರಾಸೆಸ್ಸಿನ ಮ್ಯಾಪ್ಸ್ ತೆರೆದು ನಿಮ್ಮ ಡಿವೈಸ್ ಸಾಲಿನ ಪರ್ಮಿಷನ್ ನೋಡಿ: ಕೊನೇ ಅಕ್ಷರ 'ಎಸ್' ಇರಬೇಕು. 'ಪಿ' ಇದ್ದರೆ ಪ್ರೋಗ್ರಾಂ ಮ್ಯಾಪ್_ಪ್ರೈವೇಟ್ ಕೇಳಿದೆ. ಮೊದಲ ಬರವಣಿಗೆಗೇ ಕರ್ನಲ್ ಆ ಪೇಜಿನ ನಕಲನ್ನು ರ‍್ಯಾಮ್‌ನಲ್ಲಿ ಮಾಡಿಕೊಟ್ಟಿದೆ. ನೀವು ಓದಿ ಬರೆಯುತ್ತಿರುವುದು ಆ ನಕಲನ್ನು. ಮ್ಯಾಪ್_ಶೇರ್ಡ್‌ಗೆ ಬದಲಿಸಿ, ಡ್ರೈವರ್‌ನಲ್ಲೂ ವಿಎಂ_ಶೇರ್ಡ್ ಇಲ್ಲದ ಕೋರಿಕೆಯನ್ನು ನಿರಾಕರಿಸಿ.

ಸಿಗ್‌ಬಸ್ (ತಪ್ಪು ಮೆಮೊರಿ ಮುಟ್ಟಿದ ಪ್ರೋಗ್ರಾಮನ್ನು ನಿಲ್ಲಿಸುವ ಸಿಗ್ನಲ್) ಬಂದರೆ ಪ್ರೋಗ್ರಾಂ ಕೇಳಿದ ಉದ್ದಕ್ಕಿಂತ ಡ್ರೈವರ್ ಕಡಿಮೆ ಪೇಜ್ ಮ್ಯಾಪ್ ಮಾಡಿದೆಯೇ ನೋಡಿ. ಎಆರ್‌ಎಂ64ನಲ್ಲಿ ಇನ್ನೊಂದು ಕಾರಣವಿದೆ: ನಾನ್‌ಕ್ಯಾಶ್ಡ್ (ಪ್ರಾಸೆಸರ್ ತನ್ನ ಕ್ಯಾಶ್‌ನಲ್ಲಿ ಇಟ್ಟುಕೊಳ್ಳದ) ರಿಜಿಸ್ಟರ್ ಜಾಗಕ್ಕೆ ಮೆಮ್‌ಕಾಪಿ ಮಾಡಿದಾಗ ಅಲೈನ್ ಆಗದ (ಅಳತೆಯ ಗಡಿಗೆ ಹೊಂದದ) ಓದು-ಬರಹ ನಡೆದು ಪ್ರೋಗ್ರಾಂ ಬೀಳುತ್ತದೆ. 32 ಬಿಟ್ ವೊಲಟೈಲ್ ಪಾಯಿಂಟರಿನಿಂದ ಒಂದೊಂದಾಗಿ ಬರೆಯಿರಿ. ಜಾಗವನ್ನು ನಾನ್‌ಕ್ಯಾಶ್ಡ್ ಮಾಡಲು ಪಿಜಿಪ್ರಾಟ್_ನಾನ್‌ಕ್ಯಾಶ್ಡ್ ಕರೆದರಷ್ಟೇ ಸಾಲದು, ಅದು ಹಿಂದಿರುಗಿಸಿದ್ದನ್ನು ವಿಎಂ_ಪೇಜ್_ಪ್ರಾಟ್‌ಗೆ ಹಾಕಬೇಕು. ಹಳೆಯ ಡ್ರೈವರ್ ಕೋಡ್ 6.3 ಮತ್ತು ಅದಕ್ಕೂ ಹೊಸ ಕರ್ನಲ್‌ನಲ್ಲಿ ಕಂಪೈಲ್ ಆಗದಿದ್ದರೆ ವಿಎಂ_ಫ್ಲ್ಯಾಗ್ಸ್‌ಗೆ ನೇರ ಬರೆದ ಸಾಲು ಹುಡುಕಿ, ವಿಎಂ_ಫ್ಲ್ಯಾಗ್ಸ್_ಸೆಟ್ ಹಾಕಿ.

ಡೀಬಗರ್ ಆದ ಜಿಡಿಬಿಯಲ್ಲಿ ಎಂಮ್ಯಾಪ್ ಮಾಡಿದ ಜಾಗ ಓದಲು ಆಗುವುದಿಲ್ಲ ಎಂದರೆ ಮ್ಯಾಪಿಂಗ್ ಕೆಟ್ಟಿದೆ ಎಂದು ತಿಳಿಯಬೇಡಿ. ಡ್ರೈವರ್‌ನ ವಿಎಂ ಆಪರೇಷನ್‌ಗಳಲ್ಲಿ ಆಕ್ಸೆಸ್‌ಗೆ ಜೆನರಿಕ್_ಆಕ್ಸೆಸ್_ಫಿಸ್ ಕೊಟ್ಟರೆ ಓದುತ್ತದೆ.

ಉದ್ದದ ತಪಾಸಣೆ ಬಿಟ್ಟ ಡ್ರೈವರ್ ಅಪಾಯಕಾರಿ. ವಿಎಂ_ಎಂಡ್‌ನಿಂದ ವಿಎಂ_ಸ್ಟಾರ್ಟ್ ಕಳೆದದ್ದು, ಆಫ್‌ಸೆಟ್ ಸೇರಿಸಿದ ಮೇಲೂ, ರೀಜನ್ ಸೈಜನ್ನು ಮೀರಬಾರದು. ಮೀರಲು ಬಿಟ್ಟರೆ ಯಾವುದೇ ಯೂಸರ್ ಪಕ್ಕದ ಫಿಸಿಕಲ್ ಮೆಮೊರಿಯನ್ನೂ ತೆರೆಯಬಹುದು. ವಿಎಂ_ಐಒಮ್ಯಾಪ್_ಮೆಮೊರಿ ಬಳಸಿದರೆ ಈ ಲೆಕ್ಕ, ಪಿಎಫ್‌ಎನ್ ಲೆಕ್ಕ ಎರಡನ್ನೂ ಅದೇ ಮಾಡುತ್ತದೆ.