ಮಿನುಗುವ ಹಳದಿ ಬಾಣ: ಅಮೆರಿಕದ ಸಿಗ್ನಲ್‌ಗಳಲ್ಲಿ ಎಡಕ್ಕೆ ತಿರುಗುವ ಹೊಸಬರಿಗೆ

ಅಮೆರಿಕಕ್ಕೆ ಬಂದ ಹೊಸದರಲ್ಲಿ ಎಲ್ಲರೂ ಹೈವೇ ಎಂದರೆ ಹೆದರುತ್ತಾರೆ. ಆದರೆ ಹೆಚ್ಚಿನ ಎಚ್ಚರ ಬೇಕಾಗುವುದು ಊರೊಳಗಿನ ಸಿಗ್ನಲ್‌ಗಳಲ್ಲಿ, ಅದರಲ್ಲೂ ಎಡಕ್ಕೆ ತಿರುಗುವಾಗ. ಭಾರತದಲ್ಲಿ ರಸ್ತೆಯ ಎಡಬದಿಯಲ್ಲಿ ಓಡಿಸಿ ಅಭ್ಯಾಸವಾದ ನಮಗೆ ಎಡ ತಿರುವು ಸಲೀಸು. ಎದುರಿನಿಂದ ಬರುವ ವಾಹನಗಳನ್ನು ಅಡ್ಡ ದಾಟಬೇಕಾಗುವುದು ಬಲಕ್ಕೆ ತಿರುಗುವಾಗ ಮಾತ್ರ. ಇಲ್ಲಿ ಅದು ಪೂರ್ತಿ ಅದಲುಬದಲು. ಕೈಕಾಲಿಗೆ ಅಂಟಿದ ಹಳೆಯ ರೂಢಿ ಎಡ ತಿರುವನ್ನು ಹಗುರವೆಂದು ಹೇಳುತ್ತಿರುವಾಗಲೇ ಇಲ್ಲಿನ ರಸ್ತೆ ಅದನ್ನು ಅತ್ಯಂತ ಕಷ್ಟದ ತಿರುವನ್ನಾಗಿ ನಮ್ಮ ಮುಂದಿಡುತ್ತದೆ.

ಇದರ ಜೊತೆಗೆ ಅನೇಕ ನಗರಗಳು ತಮ್ಮ ಹಳೆಯ ಸಿಗ್ನಲ್‌ಗಳನ್ನು ಬದಲಿಸಿ, ಎಡ ತಿರುವಿನ ಲೇನಿಗೆಂದೇ ಮಿನುಗುವ ಹಳದಿ ಬಾಣವಿರುವ ಹೊಸ ದೀಪಗಳನ್ನು ಹಾಕುತ್ತಿವೆ. ಈ ಬಾಣವನ್ನು ಕಂಡು ಕೆಲವರು ಹಸಿರಿನಂತೆ ನುಗ್ಗುತ್ತಾರೆ, ಇನ್ನು ಕೆಲವರು ಕೆಂಪಿನಂತೆ ನಿಂತುಬಿಡುತ್ತಾರೆ. ಎರಡೂ ಸರಿಯಲ್ಲ. ತಿರುಗಲು ನಿಮಗೆ ಅನುಮತಿ ಇದೆ, ಆದರೆ ಮೊದಲ ಹಕ್ಕು ಎದುರಿನವರದು ಎಂಬುದಷ್ಟೇ ಅದರ ಅರ್ಥ.

ಹೊಸ ಮಾದರಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬಾಣಗಳು ಒಂದರ ಕೆಳಗೊಂದು ಇರುತ್ತವೆ. ಮೇಲಿನ ಕೆಂಪು ಬಾಣ ಉರಿಯುತ್ತಿದ್ದರೆ ನಿಲ್ಲಬೇಕು. ಅದರ ಕೆಳಗಿನ ಹಳದಿ ಬಾಣ ಮಿನುಗದೆ ಒಂದೇ ಸಮನೆ ಉರಿದರೆ ತಿರುಗುವ ಅವಧಿ ಮುಗಿಯುತ್ತಿದೆ, ಮುಂದೆ ಕೆಂಪು ಬರಲಿದೆ ಎಂದರ್ಥ. ಮೂರನೆಯದು ಮಿನುಗುವ ಹಳದಿ. ಕೊನೆಯ ಹಸಿರು ಬಾಣ ಬಂದಾಗ ಮಾತ್ರ ಎದುರಿನ ವಾಹನಗಳಿಗೆ ಕೆಂಪು ಇರುತ್ತದೆ, ಆ ತಿರುವು ನಿಮ್ಮದೇ. ಕೆಲವೆಡೆ ಮೂರೇ ದೀಪಗಳಿದ್ದು, ಕೆಳಗಿನ ಒಂದೇ ದೀಪ ಒಮ್ಮೆ ಹಸಿರು ಬಾಣವಾಗಿಯೂ ಇನ್ನೊಮ್ಮೆ ಮಿನುಗುವ ಹಳದಿಯಾಗಿಯೂ ಕೆಲಸ ಮಾಡುತ್ತದೆ. ಆದ್ದರಿಂದ ಸ್ಥಾನವನ್ನಲ್ಲ, ಬಣ್ಣವನ್ನೂ ಮಿನುಗುವಿಕೆಯನ್ನೂ ನೋಡುವುದು ಒಳ್ಳೆಯದು.

ಹಳೆಯ ವ್ಯವಸ್ಥೆಯನ್ನು ಏಕೆ ಬದಲಿಸಬೇಕಾಯಿತು ಎಂಬುದನ್ನು ತಿಳಿದರೆ ಹೊಸದು ತಾನಾಗಿಯೇ ಅರ್ಥವಾಗುತ್ತದೆ. ಹಳೆಯ ಸಿಗ್ನಲ್‌ಗಳಲ್ಲಿ ಗುಂಡನೆಯ ಹಸಿರು ದೀಪವೇ ಎಡಕ್ಕೆ ತಿರುಗುವವರಿಗೂ ಅನುಮತಿಯಾಗಿತ್ತು, ಮತ್ತು ಈಗಲೂ ಸಾವಿರಾರು ಕಡೆ ಹಾಗೆಯೇ ಇದೆ. ಹಸಿರು ಎಂದರೆ ‘ಹೋಗು’ ಎಂದು ಮಕ್ಕಳಾಗಿದ್ದಾಗಿನಿಂದ ಕಲಿತ ಮನಸ್ಸು, ಎದುರಿನವರಿಗೂ ಅದೇ ಹಸಿರು ಇದೆ ಎಂಬುದನ್ನು ಅವಸರದಲ್ಲಿ ಮರೆಯುತ್ತದೆ. 2003ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಒಂದು ವಿಸ್ತಾರವಾದ ಅಧ್ಯಯನ, ಚಾಲಕರು ಮಿನುಗುವ ಹಳದಿ ಬಾಣವನ್ನು ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾರೆ ಎಂದು ಕಂಡುಕೊಂಡು ಅದನ್ನು ಶಿಫಾರಸು ಮಾಡಿತು. 2006ರಲ್ಲಿ ಕೇಂದ್ರ ಹೆದ್ದಾರಿ ಆಡಳಿತವು ಇದಕ್ಕೆ ಮಧ್ಯಂತರ ಒಪ್ಪಿಗೆ ನೀಡಿತು. ದೇಶದ ಎಲ್ಲ ಸಿಗ್ನಲ್ ಹಾಗೂ ರಸ್ತೆ ಫಲಕಗಳಿಗೆ ಆಧಾರವಾದ ಕೈಪಿಡಿಯ 2009ರ ಆವೃತ್ತಿಯಲ್ಲಿ ಅದು ಸೇರಿತು.

ಬದಲಾವಣೆಗೆ ಇನ್ನೂ ಒಂದು ಕಾರಣವಿದೆ, ಮತ್ತು ಅದನ್ನು ಹೊಸಬರು ಖಂಡಿತವಾಗಿ ತಿಳಿದಿರಬೇಕು. ಹಳೆಯ ಸಿಗ್ನಲ್‌ನಲ್ಲಿ ಗುಂಡನೆಯ ಹಸಿರು ನೋಡಿ ನೀವು ಇಂಟರ್‌ಸೆಕ್ಷನ್ ಒಳಗೆ ಬಂದು ಎದುರಿನ ವಾಹನಗಳು ಮುಗಿಯಲೆಂದು ಕಾಯುತ್ತಿದ್ದೀರಿ ಎಂದುಕೊಳ್ಳಿ. ನಿಮ್ಮ ದೀಪ ಹಳದಿಯಾಗುತ್ತದೆ. ಎದುರಿನವರಿಗೂ ಈಗ ಹಳದಿ ಬಂದಿರುತ್ತದೆ, ಅವರು ನಿಲ್ಲುತ್ತಾರೆ ಎಂದು ನೀವು ತಿರುಗಿಸುತ್ತೀರಿ. ಆದರೆ ಎದುರಿನ ಕಡೆಯ ಎಡ ತಿರುವಿನ ಸರದಿ ಕೊನೆಗೆ ಬರುವಂತೆ ಹೊಂದಿಸಿದ್ದರೆ, ಅವರ ನೇರ ಲೇನುಗಳಿಗೆ ಹಸಿರು ಇನ್ನೂ ಮುಂದುವರಿದಿರಬಹುದು, ಅವರು ವೇಗ ತಗ್ಗಿಸದೆ ಬರುತ್ತಿರಬಹುದು. ಸಂಚಾರ ಎಂಜಿನಿಯರುಗಳು ಇದನ್ನು ‘ಯೆಲ್ಲೊ ಟ್ರ್ಯಾಪ್’ ಎನ್ನುತ್ತಾರೆ. ಹೊಸ ಬಾಣವನ್ನು ಪಕ್ಕದ ನೇರ ಲೇನಿನ ದೀಪಕ್ಕಲ್ಲ, ಎದುರಿನವರ ಹಸಿರಿಗೆ ಜೋಡಿಸಲಾಗುವುದರಿಂದ ಈ ಅಪಾಯ ತಪ್ಪುತ್ತದೆ. ಪಕ್ಕದ ಲೇನುಗಳಿಗೆ ಕೆಂಪು ಬಿದ್ದಿದ್ದರೂ ನಿಮ್ಮ ಬಾಣ ಹಳದಿಯಾಗಿ ಮಿನುಗುತ್ತಲೇ ಇರುವುದನ್ನು ಕೆಲವೊಮ್ಮೆ ಕಾಣುವಿರಿ. ಸಿಗ್ನಲ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಎದುರಿನವರಿಗೆ ಇನ್ನೂ ಹಸಿರಿದೆ ಎಂದು ಅದು ಹೇಳುತ್ತಿದೆ. ಆಗಲೂ ಅವರಿಗೇ ದಾರಿ ಬಿಡಬೇಕು.

ತಿರುಗುವ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಿನುಗುವ ಹಳದಿ ಇರುವಾಗ ಸ್ಟಾಪ್ ಲೈನ್ ದಾಟಿ ಸ್ವಲ್ಪ ಮುಂದೆ ಬಂದು ಕಾಯಲು ಬಹುತೇಕ ರಾಜ್ಯಗಳಲ್ಲಿ ಅವಕಾಶವಿದೆ. ನಿಮ್ಮ ರಾಜ್ಯದ ಚಾಲಕರ ಕೈಪಿಡಿಯಲ್ಲಿ ಇದನ್ನೊಮ್ಮೆ ಖಚಿತಪಡಿಸಿಕೊಳ್ಳಿ. ಹೀಗೆ ಕಾಯುವಾಗ ಸ್ಟಿಯರಿಂಗ್ ನೇರವಾಗಿಯೇ ಇರಲಿ. ಮೊದಲೇ ಎಡಕ್ಕೆ ತಿರುಗಿಸಿಟ್ಟುಕೊಂಡಾಗ ಹಿಂದಿನಿಂದ ಯಾರಾದರೂ ಗುದ್ದಿದರೆ, ನಿಮ್ಮ ಕಾರು ನೇರವಾಗಿ ಎದುರಿನ ವಾಹನಗಳ ಬಾಯಿಗೆ ಹೋಗುತ್ತದೆ. ಎದುರಿನ ಕಾರು ದೂರದಲ್ಲಿದೆ ಎಂಬ ಅಂದಾಜು ಹೊಸದರಲ್ಲಿ ಮೋಸ ಮಾಡುವುದು ಸಹಜ, ಏಕೆಂದರೆ ಇಲ್ಲಿ ಊರೊಳಗಿನ ದೊಡ್ಡ ರಸ್ತೆಗಳಲ್ಲೂ ವೇಗ ಹೆಚ್ಚು. ಗಂಟೆಗೆ 45 ಮೈಲಿ ವೇಗದ ಕಾರು ಒಂದು ಸೆಕೆಂಡಿನಲ್ಲಿ 66 ಅಡಿ ಕ್ರಮಿಸುತ್ತದೆ. ಎದುರಿನ ಒಂದು ಲೇನನ್ನು ದಾಟಿ ಎಡಕ್ಕೆ ತಿರುಗುವ ಕಾರಿಗೆ ರಸ್ತೆ ವಿನ್ಯಾಸಕಾರರು ಲೆಕ್ಕ ಹಾಕುವ ಅಂತರ 5.5 ಸೆಕೆಂಡ್, ಹೆಚ್ಚುವರಿ ಲೇನು ಒಂದಕ್ಕೆ ಅರ್ಧ ಸೆಕೆಂಡ್ ಸೇರಿಸುತ್ತಾರೆ. ಆ ವೇಗದಲ್ಲಿ ಬರುವ ಕಾರು ನಿಮ್ಮಿಂದ ಸುಮಾರು 360 ಅಡಿಗಿಂತ ಹತ್ತಿರವಿದ್ದರೆ ಬಿಡುವು ಸಾಲದು ಎಂದಾಯಿತು. ಎದುರಿನ ಎಡ ತಿರುವಿನ ಲೇನಿನಲ್ಲಿ ದೊಡ್ಡ ಟ್ರಕ್ ನಿಂತು ನೋಟವನ್ನು ಮರೆಮಾಡಿದ್ದರೆ, ಹಸಿರು ಬಾಣ ಬರುವವರೆಗೆ ಕಾಯುವುದೇ ವಿವೇಕ.

ಹಿಂದಿನವರು ಹಾರ್ನ್ ಹೊಡೆಯಬಹುದು. ಅವರಿಗೆ ಕಾಣುವುದು ನಿಮ್ಮ ಕಾರಿನ ಹಿಂಭಾಗ ಮಾತ್ರ, ಎದುರಿನ ರಸ್ತೆಯಲ್ಲ. ಈ ಒಂದು ವಿಷಯದಲ್ಲಿ ಸಂಕೋಚಪಟ್ಟುಕೊಂಡು ಯಾರೂ ಮುಂದೆ ನುಗ್ಗಬಾರದೆಂದು ನಾನು ಒತ್ತಿ ಹೇಳುತ್ತೇನೆ, ವಿಶೇಷವಾಗಿ ಗಂಡನೋ ಹೆಂಡತಿಯೋ ಪಕ್ಕದಲ್ಲಿ ಕುಳಿತು ಕಲಿಸುತ್ತಿರುವಾಗ. ‘ಹೋಗು, ಹೋಗು’ ಎನ್ನುವ ಆತುರ ಕಲಿಯುವವರಿಗೆ ಹಾರ್ನ್‌ಗಿಂತ ಹೆಚ್ಚು ತೊಂದರೆ ಕೊಡುತ್ತದೆ.

ಪಾದಚಾರಿಗಳ ವಿಷಯವನ್ನು ಅನೇಕರು ಮರೆಯುತ್ತಾರೆ. ನೀವು ಎಡಕ್ಕೆ ತಿರುಗಿ ಸೇರುವ ರಸ್ತೆಯ ಕ್ರಾಸ್‌ವಾಕ್‌ನಲ್ಲಿ, ನಿಮ್ಮ ಬಾಣ ಮಿನುಗುತ್ತಿರುವ ಹೊತ್ತಿನಲ್ಲೇ ನಡೆಯುವವರಿಗೂ ದೀಪ ಬಿದ್ದಿರುತ್ತದೆ. ಎದುರಿನ ವಾಹನಗಳ ಮೇಲೆಯೇ ಕಣ್ಣಿಟ್ಟು, ಸಿಕ್ಕ ಬಿಡುವಿನಲ್ಲಿ ವೇಗವಾಗಿ ತಿರುಗಿಸಿದವರಿಗೆ ಕ್ರಾಸ್‌ವಾಕ್‌ನಲ್ಲಿರುವ ವ್ಯಕ್ತಿ ಕಾಣುವುದು ತಡವಾಗಿ, ಏಕೆಂದರೆ ಮುಂಗಾಜಿನ ಎಡಪಕ್ಕದ ಕಂಬ ಆ ಕ್ಷಣದಲ್ಲಿ ಅವರನ್ನು ಮರೆಮಾಡಿರುತ್ತದೆ. ತಿರುಗುವ ಮೊದಲೇ ತಲೆ ಆಡಿಸಿ ಕಂಬದ ಆಚೆಗೂ ನೋಡಿಕೊಳ್ಳಿ. ಕೆಲವು ನಗರಗಳು ಪಾದಚಾರಿ ಗುಂಡಿ ಒತ್ತಿದಾಗ ಆ ಸರದಿಗೆ ಮಿನುಗುವ ಹಳದಿಯನ್ನು ತಡೆದು ಕೆಂಪು ಬಾಣವನ್ನೇ ಇಡುತ್ತವೆ. ನನ್ನ ಅಭಿಪ್ರಾಯದಲ್ಲಿ ಇದು ಎಲ್ಲ ನಗರಗಳೂ ಅನುಸರಿಸಬೇಕಾದ ಕ್ರಮ. ತಿರುಗಿದ ಮೇಲೆ ರಸ್ತೆ ಮಧ್ಯದ ಹಳದಿ ಗೆರೆ ನಿಮ್ಮ ಎಡಗೈ ಕಡೆಗೆ ಇರಬೇಕು. ಬಲಗಡೆ ಕಂಡರೆ ನೀವು ತಪ್ಪು ಬದಿಯಲ್ಲಿದ್ದೀರಿ.

ಹಸಿರು ಬಾಣವೇ ಬರುತ್ತಿಲ್ಲ ಎಂದು ದೂರುವವರು ತಾವು ಎಲ್ಲಿ ನಿಂತಿದ್ದೇವೆ ಎಂದು ನೋಡಿಕೊಳ್ಳಬೇಕು. ಲೇನಿನ ಡಾಂಬರಿನಲ್ಲಿ ಆಯತಾಕಾರವಾಗಿಯೋ ದುಂಡಗೋ ಕೊರೆದು ಕಪ್ಪು ಅಂಟಿನಿಂದ ಮುಚ್ಚಿದ ಗೆರೆಗಳು ಕಾಣುತ್ತವೆಯಲ್ಲ, ಅವುಗಳ ಕೆಳಗೆ ತಂತಿಯ ಸುರುಳಿ ಇರುತ್ತದೆ. ಮೇಲೆ ನಿಂತ ಕಾರಿನ ಲೋಹವನ್ನು ಅದು ಗ್ರಹಿಸಿ ನಿಯಂತ್ರಕ ಪೆಟ್ಟಿಗೆಗೆ ತಿಳಿಸುತ್ತದೆ. ನವೀಕರಿಸಿದ ಸಿಗ್ನಲ್‌ಗಳಲ್ಲಿ ಇದೇ ಕೆಲಸವನ್ನು ಕಂಬದ ಮೇಲಿನ ಕ್ಯಾಮೆರಾ ಅಥವಾ ರೇಡಾರ್ ಮಾಡುತ್ತದೆ. ಸ್ಟಾಪ್ ಲೈನಿಗಿಂತ ತುಂಬಾ ಹಿಂದೆ ನಿಂತವರು ಅದರ ಲೆಕ್ಕಕ್ಕೇ ಬಾರದೆ ಕಾಯುತ್ತಿರಬಹುದು. ಇನ್ನು ಕೆಲವೆಡೆ ದಟ್ಟಣೆಯ ಹೊತ್ತಿನಲ್ಲಿ ಹಸಿರು ಬಾಣ ಮಾತ್ರ, ಉಳಿದ ಹೊತ್ತಿನಲ್ಲಿ ಮಿನುಗುವ ಹಳದಿ ಎಂದು ಹೊಂದಿಸಿರುತ್ತಾರೆ. ಹೊಸ ದೀಪದಿಂದ ನಗರಗಳಿಗಾಗುವ ದೊಡ್ಡ ಅನುಕೂಲವೇ ಇದು: ರಸ್ತೆ ಖಾಲಿಯಿದ್ದಾಗ ವಾಹನಗಳು ಸುಮ್ಮನೆ ಕೆಂಪಿನ ಮುಂದೆ ನಿಲ್ಲಬೇಕಿಲ್ಲ. ಆದ್ದರಿಂದ ಬೆಳಗ್ಗೆ ಕಂಡದ್ದೇ ರಾತ್ರಿಯೂ ಇರುತ್ತದೆ ಎಂದು ಭಾವಿಸಬೇಡಿ.

ಯಾವುದಾದರೂ ಇಂಟರ್‌ಸೆಕ್ಷನ್ ನಿಮಗೆ ತೀರಾ ಕಷ್ಟವೆನಿಸಿದರೆ ನೇರ ಹೋಗಿ, ಮುಂದೆ ಮೂರು ಬಲ ತಿರುವುಗಳಿಂದ ಅದೇ ರಸ್ತೆಯನ್ನು ಸೇರಬಹುದು. ತಿರುವು ತಪ್ಪಿದಾಗಲೂ ಕೊನೆ ಗಳಿಗೆಯಲ್ಲಿ ಲೇನ್ ಬದಲಿಸುವುದಕ್ಕಿಂತ ಇದೇ ಮೇಲು. ಪ್ರತಿಸಲವೂ ಬಾಣ ಬಾರದೆ ಹೋಗುವ, ಹಳದಿ ಉರಿಯುವ ಹೊತ್ತು ತೀರಾ ಕಡಿಮೆಯೆನಿಸುವ ಅಥವಾ ಮರದ ಕೊಂಬೆ ದೀಪವನ್ನು ಮುಚ್ಚಿರುವ ಸಿಗ್ನಲ್ ಇದ್ದರೆ ತಿಳಿಸಿ. ಅನೇಕ ನಗರಗಳಲ್ಲಿ ನಗರಾಡಳಿತದ ಸಹಾಯವಾಣಿಯಾದ 311ಕ್ಕೆ ಕರೆ ಮಾಡಿ ಹೇಳಬಹುದು. ಎರಡೂ ರಸ್ತೆಗಳ ಹೆಸರು, ನೀವು ಯಾವ ದಿಕ್ಕಿನಿಂದ ಬಂದು ಎತ್ತ ತಿರುಗುತ್ತಿದ್ದಿರಿ, ಎಷ್ಟು ಗಂಟೆಗೆ ಎಂಬ ವಿವರ ಕೊಟ್ಟರೆ ಸಿಬ್ಬಂದಿಗೆ ಪರಿಶೀಲಿಸಲು ಅನುಕೂಲ. ಆ ಸಿಗ್ನಲ್ ನಗರದ್ದಲ್ಲ, ಕೌಂಟಿಯದು ಅಥವಾ ರಾಜ್ಯ ಸಾರಿಗೆ ಇಲಾಖೆಯದು ಎಂದು ಅವರು ಹೇಳಬಹುದು. ಆಗ ಯಾರನ್ನು ಸಂಪರ್ಕಿಸಬೇಕೆಂದು ಅವರನ್ನೇ ಕೇಳಿ, ಅಲ್ಲಿಗೂ ದೂರು ಕೊಡಿ. ದೂರು ಕೊಡಲು ಇಲ್ಲಿನ ಪೌರತ್ವ ಬೇಕಿಲ್ಲ.