ಒಂದೇ ಪಾತ್ರೆ, ಎರಡು ಅಡುಗೆ: ಇಬ್ಬರೂ ಸೇರಿ ಬಸ್ಸಾರು ಮಾಡುವುದು ಹೇಗೆ?

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ರಾತ್ರಿ ಅಡುಗೆ ಶುರುವಾಗುವುದೇ ಏಳೂವರೆಯ ಮೇಲೆ. ಆ ಹೊತ್ತಿನಲ್ಲಿ ಒಬ್ಬರೇ ನಿಂತು ಸಾರು, ಪಲ್ಯ, ಮುದ್ದೆ ಎಲ್ಲ ಮಾಡಬೇಕು ಅಂದರೆ ಸುಸ್ತು. ದಿನಾ ಹೊರಗಿನಿಂದ ತರಿಸಿದರೆ ದುಡ್ಡು ನಿಲ್ಲುವುದಿಲ್ಲ. ಇಂಥ ದಿನಗಳಿಗೆ ಹಳೇ ಮೈಸೂರು ಕಡೆಯ ಬಸ್ಸಾರು ಬಹಳ ಚೆನ್ನಾಗಿ ಒಗ್ಗುತ್ತದೆ. ಬೇಳೆ, ಸೊಪ್ಪು ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಬಸಿದ ನೀರು ಸಾರಿಗೆ, ಉಳಿದದ್ದು ಪಲ್ಯಕ್ಕೆ. ಏನೂ ದಂಡವಾಗುವುದಿಲ್ಲ.

ನನಗೆ ಇದು ಇಷ್ಟವಾಗುವುದಕ್ಕೆ ಇನ್ನೊಂದು ಕಾರಣ ಇದೆ. ಬಸಿದ ಮೇಲೆ ಕೆಲಸ ತಾನಾಗಿಯೇ ಎರಡಾಗುತ್ತದೆ. ಸಾರು ಒಬ್ಬರದು, ಪಲ್ಯ ಇನ್ನೊಬ್ಬರದು. ಒಬ್ಬರು ಅಡುಗೆ ಮಾಡುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ‘ಈಗೇನು ಮಾಡ್ಲಿ?’ ಅಂತ ಕೇಳುತ್ತಿದ್ದರೆ ಯೋಚನೆಯ ಭಾರವೆಲ್ಲ ಒಬ್ಬರ ತಲೆ ಮೇಲೇ ಉಳಿಯುತ್ತದೆ ಅಲ್ವಾ? ಒಂದೊಂದು ಅಡುಗೆಯನ್ನು ಒಬ್ಬೊಬ್ಬರು ಪೂರ್ತಿಯಾಗಿ ವಹಿಸಿಕೊಂಡರೆ ಆ ಭಾರವೂ ಹಂಚಿಹೋಗುತ್ತದೆ.

ಏನೇನು ಬೇಕು?

ಇಬ್ಬರಿಗೆ ಎರಡು ಹೊತ್ತಿಗಾಗುವಷ್ಟು ಲೆಕ್ಕ ಇದು. ತೊಗರಿಬೇಳೆ ಮುಕ್ಕಾಲು ಕಪ್, ದಂಟಿನ ಸೊಪ್ಪು ಒಂದು ದೊಡ್ಡ ಕಟ್ಟು, ಈರುಳ್ಳಿ 2, ಬೆಳ್ಳುಳ್ಳಿ ಒಂದು ಗೆಡ್ಡೆ, ಒಣಮೆಣಸಿನಕಾಯಿ 6-7, ಧನಿಯ 2 ಚಮಚ, ಜೀರಿಗೆ ಅರ್ಧ ಚಮಚ, ನಾಲ್ಕೈದು ಕಾಳುಮೆಣಸು, ತೆಂಗಿನ ತುರಿ ಅರ್ಧ ಕಪ್, ಗೋಲಿ ಗಾತ್ರದ ಹುಣಸೆಹಣ್ಣು. ಧನಿಯ, ಮೆಣಸಿನಕಾಯಿ ಹುರಿಯಲು ಹೊತ್ತಿಲ್ಲದಿದ್ದರೆ ಮನೆಯ ಸಾರಿನ ಪುಡಿ 2 ಚಮಚ ಸಾಕು.

ದಂಟೇ ಆಗಬೇಕೆಂದಿಲ್ಲ. ಕೀರೆ, ಹರಿವೆ, ಸಬ್ಬಸಿಗೆ, ಆ ದಿನ ಯಾವುದು ಎಳೆಯದಾಗಿ, ಅಗ್ಗವಾಗಿ ಸಿಕ್ಕಿತೋ ಅದು. ಸೊಪ್ಪಿಲ್ಲದ ದಿನ ಹುರುಳಿಕಾಯಿ ಅಥವಾ ಎಲೆಕೋಸು ಹಾಕಿದರೂ ನಡೆಯುತ್ತದೆ.

ಬೇಯಿಸುವುದು, ಬಸಿಯುವುದು

ಮನೆಗೆ ಮೊದಲು ಬಂದವರು ಬೇಳೆ ತೊಳೆದು ನೆನೆಹಾಕಿ. ಅರ್ಧ ಗಂಟೆ ನೆನೆದರೂ ಬೇಗ ಬೇಯುತ್ತದೆ, ಗ್ಯಾಸ್ ಉಳಿಯುತ್ತದೆ. ಅಷ್ಟರಲ್ಲಿ ಇನ್ನೊಬ್ಬರು ಸೊಪ್ಪು ಬಿಡಿಸಲಿ. ಎಳೆ ದಂಟನ್ನು ದಯವಿಟ್ಟು ಬಿಸಾಡಬೇಡಿ. ನಾರು ತೆಗೆದು ಸಣ್ಣಗೆ ಹೆಚ್ಚಿದರೆ ಪಲ್ಯದ ರುಚಿಯೇ ಅದರಲ್ಲಿದೆ. ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆದ ಮೇಲೇ ಹೆಚ್ಚಿ. ಹೆಚ್ಚಿ ತೊಳೆದರೆ ಸಾರವೆಲ್ಲ ನೀರಿನಲ್ಲಿ ಹೋಗುತ್ತದೆ.

ಆರು ಕಪ್ ನೀರು ಕುದಿಸಿ ಬೇಳೆ ಹಾಕಿ. ಇಲ್ಲಿ ಕುಕ್ಕರ್ ಬೇಡ. ಕುಕ್ಕರಿನಲ್ಲಿ ಬೇಳೆ ಕರಗಿ ಗಂಜಿಯಾದರೆ ಬಸಿಯಲು ಏನೂ ಉಳಿಯುವುದಿಲ್ಲ. ಹತ್ತು ಹದಿನೈದು ನಿಮಿಷ ಬೆಂದ ಮೇಲೆ ಒಂದು ಬೇಳೆ ತೆಗೆದು ಬೆರಳಲ್ಲಿ ಒತ್ತಿ ನೋಡಿ. ಹೊರಗೆ ಮೆತ್ತಗಾಗಿ ನಡುವೆ ಇನ್ನೂ ಸ್ವಲ್ಪ ಗಟ್ಟಿ ಸಿಗಬೇಕು. ಅದೇ ಹದ. ಆಗ ಮೊದಲು ದಂಟು, ಎರಡು ನಿಮಿಷ ಬಿಟ್ಟು ಸೊಪ್ಪು, ಉಪ್ಪು ಹಾಕಿ. ಮುಚ್ಚಳ ಮುಚ್ಚದೆ ಬೇಯಿಸಿದರೆ ಸೊಪ್ಪಿನ ಹಸಿರು ಜಾಸ್ತಿ ಮಾಸುವುದಿಲ್ಲ. ಬೇಳೆ ಬೆಂದೂ ಬಿಡಿಬಿಡಿಯಾಗಿರುವಾಗ ಇಳಿಸಿ, ತೂತಿನ ಪಾತ್ರೆಯಲ್ಲಿ ಬಸಿಯಿರಿ. ಬಸಿದ ನೀರಿಗೆ ಕಟ್ಟು ಅನ್ನುತ್ತಾರೆ. ಅದರಲ್ಲಿ ಒಂದು ಹನಿಯನ್ನೂ ಚೆಲ್ಲಬೇಡಿ.

ಉಪ್ಪಿನ ವಿಷಯದಲ್ಲಿ ಒಂದು ಮಾತು. ಬೇಯಿಸುವಾಗ ಹಾಕಿದ ಉಪ್ಪು ಸಾರಿಗೂ ಹೋಗಿರುತ್ತದೆ, ಪಲ್ಯಕ್ಕೂ ಹೋಗಿರುತ್ತದೆ. ಆದ್ದರಿಂದ ಮುಂದೆ ಇಬ್ಬರೂ ರುಚಿ ನೋಡದೆ ಉಪ್ಪಿನ ಡಬ್ಬಿ ಮುಟ್ಟಬೇಡಿ.

ಒಲೆ ಎರಡು, ಕೈ ನಾಲ್ಕು

ಸಾರಿನವರು ಮಾಡಬೇಕಾದ್ದು: ಒಂದು ಚಮಚ ಎಣ್ಣೆಯಲ್ಲಿ ಧನಿಯ, ಜೀರಿಗೆ, ಕಾಳುಮೆಣಸು, ನಾಲ್ಕೈದು ಮೆಣಸಿನಕಾಯಿ ಹುರಿಯಿರಿ. ಘಮ ಬಂದ ಮೇಲೆ ಒಂದು ಈರುಳ್ಳಿ, ಅರ್ಧ ಗೆಡ್ಡೆ ಬೆಳ್ಳುಳ್ಳಿ ಹಾಕಿ ಬಾಡಿಸಿ. ಆರಿದ ಮೇಲೆ ಅರ್ಧದಷ್ಟು ತೆಂಗಿನ ತುರಿ, ಹುಣಸೆಹಣ್ಣು ಸೇರಿಸಿ ರುಬ್ಬಿ. ರುಬ್ಬುವಾಗ ಬೆಂದ ಬೇಳೆ ಸೊಪ್ಪು ಒಂದು ಸೌಟು ಹಾಕಲು ಮರೆಯಬೇಡಿ. ಸಾರಿಗೆ ಮಂದ ಬರುವುದೇ ಅದರಿಂದ, ಕಾಯಿ ಜಾಸ್ತಿ ಹಾಕುವ ಅಗತ್ಯವೂ ಬೀಳುವುದಿಲ್ಲ. ಮಿಕ್ಸಿ ಜಾರನ್ನು ಕಟ್ಟಿನಲ್ಲೇ ತೊಳೆದು ಪಾತ್ರೆಗೆ ಸುರಿಯಿರಿ. ರುಬ್ಬಿದ್ದು, ಕಟ್ಟು ಎರಡೂ ಸೇರಿ ಹಸಿ ವಾಸನೆ ಹೋಗುವವರೆಗೆ ಕುದಿಯಲಿ. ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಸಾರು ಆಯಿತು. ಇದು ತೆಳ್ಳಗೇ ಇರಬೇಕು.

ಪಲ್ಯದವರ ಕೆಲಸ ಸುಲಭ. ಸಾಸಿವೆ, ಮುರಿದ ಎರಡು ಮೆಣಸಿನಕಾಯಿ, ಬೆಳ್ಳುಳ್ಳಿ, ಹೆಚ್ಚಿದ ಈರುಳ್ಳಿಯ ಒಗ್ಗರಣೆಗೆ ಬಸಿದ ಬೇಳೆ ಸೊಪ್ಪು ಹಾಕಿ, ನೀರು ಆರುವವರೆಗೆ ಕೈಯಾಡಿಸಿ. ಅಷ್ಟೇ. ಹಾಗಾಗಿ ಮುದ್ದೆಗೆ ಎಸರು ಇಡುವುದೂ ಅವರ ಪಾಲಿಗೇ ಇರಲಿ.

ಮುದ್ದೆಗೆ ಇಬ್ಬರೂ ಬೇಕು

ಎರಡು ಕಪ್ ನೀರಿಗೆ ಒಂದು ಕಪ್ ರಾಗಿಹಿಟ್ಟು. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಹಾಕಿ. ಚೆನ್ನಾಗಿ ಕುದಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಕದಡಬೇಡಿ. ಕೋಲಿನಿಂದ ನಡುವೆ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ. ಆಮೇಲೆ ಪಾತ್ರೆ ಇಳಿಸಿ ಒಬ್ಬರು ಇಕ್ಕಳದಲ್ಲಿ ಬಿಗಿಯಾಗಿ ಹಿಡಿಯಿರಿ, ಇನ್ನೊಬ್ಬರು ಕೋಲಿನಿಂದ ಗಂಟುಗಳನ್ನು ಪಾತ್ರೆಯ ಬದಿಗೆ ಒತ್ತಿ ಒತ್ತಿ ತಿರುವಿ. ಒಬ್ಬರೇ ಮಾಡುವಾಗ ಪಾತ್ರೆ ಜೊತೆಗೇ ತಿರುಗುತ್ತದೆ, ಗಂಟು ಉಳಿಯುತ್ತದೆ. ಮತ್ತೆ ಎರಡು ನಿಮಿಷ ಸಣ್ಣ ಉರಿ. ಒದ್ದೆ ಬೆರಳಿನಿಂದ ಮುಟ್ಟಿದರೆ ಹಿಟ್ಟು ಅಂಟಬಾರದು. ಆಗ ನೀರು ಸವರಿದ ತಟ್ಟೆಗೆ ಹಾಕಿ, ಕೈ ಒದ್ದೆ ಮಾಡಿಕೊಂಡು ಬಿಸಿಯಲ್ಲೇ ಉಂಡೆ ಕಟ್ಟಿ.

ಮಾರನೇ ದಿನಕ್ಕೆ

ಬಸ್ಸಾರು ಮಾರನೇ ದಿನ ಇನ್ನೂ ರುಚಿ. ಆರಿದ ಮೇಲೆ ಫ್ರಿಜ್ಜಿನಲ್ಲಿಡಿ, ಬೇಕಾದಾಗ ಕುದಿಸಿ ಬಿಸಿ ಅನ್ನಕ್ಕೆ ಬಡಿಸಿಕೊಳ್ಳಿ. ಪಲ್ಯದಲ್ಲಿ ಆ ರಾತ್ರಿಗೆ ಬೇಕಾದಷ್ಟಕ್ಕೆ ಮಾತ್ರ ಕಾಯಿ ತುರಿ ಬೆರೆಸಿ. ಕಾಯಿ ಸೇರಿದ್ದು ಬೇಗ ಹಳಸುತ್ತದೆ. ಎತ್ತಿಟ್ಟ ಪಲ್ಯವನ್ನು ಬೆಳಿಗ್ಗೆ ಅಕ್ಕಿಹಿಟ್ಟಿಗೆ ಹಾಕಿ ಕಲಸಿದರೆ ಒಬ್ಬರು ರೊಟ್ಟಿ ತಟ್ಟಬಹುದು, ಇನ್ನೊಬ್ಬರು ಬೇಯಿಸಿ ಡಬ್ಬಿಗೆ ತುಂಬಬಹುದು.